ಸೈಲೆನ್ಸರಿನ ಬಾಯಿ

ನಮ್ಮ ಮನೆಗೆ ಬಂದವರು ಮೊದಲು ನನ್ನ ಪದವಿಯ ಫೋಟೋ ನೋಡಲಿ ಎಂಬುದು ನನ್ನ ಆಸೆ. ಅದಕ್ಕೆಂದೇ ಬಾಗಿಲು ದಾಟಿದೊಡನೆ ಕಣ್ಣಿಗೆ ಬೀಳುವಂತೆ ಅದನ್ನು ತೂಗುಹಾಕಿದ್ದೇನೆ. ಮೈಮೇಲೆ ಬಾಡಿಗೆಯ ಕರಿ ಗೌನು, ತಲೆಯ ಮೇಲೆ ಹಣೆಗಿಂತ ದೊಡ್ಡದಾದ ಟೊಪ್ಪಿಗೆ, ಕೈಯಲ್ಲಿ ಫೋಟೋ ಸ್ಟುಡಿಯೋದವನೇ ಕೊಟ್ಟ ಸುರುಳಿ ಕಾಗದ. ಆದರೆ ಬಂದವರ ಕಣ್ಣು ಆ ಫೋಟೋವನ್ನು ದಾಟಿ ಮೇಜಿನ ಮೇಲೆ ಹೋಗಿ ನಿಲ್ಲುತ್ತದೆ. ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಂತೆ ಅಲ್ಲಿ ಒಂದು ಕಬ್ಬಿಣದ ಡಬ್ಬಿ ಇಟ್ಟಿದ್ದೇನೆ. ಅಂಗೈಯಷ್ಟು ಅಗಲ, ಸುಟ್ಟು ನೀಲಿ ತಿರುಗಿದ ಮೈ, ಒಂದು ಪಕ್ಕಕ್ಕೆ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. "ಇದೇನ್ರಿ ಟೀಚರ್?" ಎನ್ನುತ್ತಾರೆ. "ಸೈಲೆನ್ಸರ್ರಿ" ಎನ್ನುತ್ತೇನೆ. "ಗಾಡೀದಾ?" "ಅಲ್ರಿ, ಗಿಡಾ ಕೊಯ್ಯೂ ಮಷಿನ್‌ದು." ಅಲ್ಲಿಗೆ ಮಾತು ನಿಲ್ಲುತ್ತದೆ. ವಿಜ್ಞಾನದ ಟೀಚರ್ ಮನೆಯಲ್ಲಿ ಇಂಥದ್ದೆಲ್ಲ ಇರುವುದೇ ಎಂದುಕೊಂಡು ಅವರು ಚಹಾ ಕುಡಿದು ಹೋಗುತ್ತಾರೆ.

ಅವರು ಹೋದ ಮೇಲೆ ನಾನು ಅದನ್ನು ಕೈಗೆತ್ತಿಕೊಳ್ಳುತ್ತೇನೆ. ಮೂಗಿಗೆ ಹಿಡಿದರೆ ಇನ್ನೂ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ನನ್ನ ಕಾಲೇಜಿನ ವಾಸನೆ ಎಂದರೆ ಅದೇ. ಬೇರೆಯವರಿಗೆ ಕಾಲೇಜು ಎಂದರೆ ಗ್ರಂಥಾಲಯದ ಹಳೆ ಪುಸ್ತಕ, ಪ್ರಯೋಗಶಾಲೆಯ ಗ್ಯಾಸು ನೆನಪಾಗುತ್ತವಂತೆ. ನನಗೆ ಶನಿವಾರ ಊರಿಗೆ ಹೋದಾಗ ಅಣ್ಣನ ಅಂಗಿಯಿಂದ ಬರುತ್ತಿದ್ದ ಪೆಟ್ರೋಲು, ಎಣ್ಣೆ, ಹಸಿ ಬೇವಿನ ಹೊಟ್ಟು ಇವೇ ನೆನಪಾಗುವುದು.

ನಮ್ಮ ಊರು ಬಬಲೇಶ್ವರದ ಕಡೆ, ಕಾಖಂಡಕಿಯ ಆಸುಪಾಸು. ಒಂದು ತುಂಡು ಹೊಲ, ನಾಲ್ಕಾರು ಕುರಿ. ಅಪ್ಪ ಅವೆರಡನ್ನೂ ನಂಬಿದವನಲ್ಲ, ಅವನು ನಂಬಿದ್ದು ಕೊಡಲಿಯನ್ನು. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ಎಷ್ಟೇ ದೊಡ್ಡದಾದರೂ ಅದು ಬೇವಿನ ಗಿಡ, ಹುಣಸಿ ಗಿಡ. ಬಯಲು ಸೀಮೆಯಲ್ಲಿ ಕಡಿಯಲಿಕ್ಕೆ ಗಿಡಗಳಾದರೂ ಎಲ್ಲಿದ್ದವು ಎಂದು ನೀವು ಕೇಳಬಹುದು. ಬದುವಿನ ಮೇಲೆ ಇದ್ದವು. ಬಾವಿಯ ಪಕ್ಕ, ಗುಡಿಯ ಹಿಂದೆ ಇದ್ದವು. ಗಾಳಿಗೆ ಬಾಗಿದ್ದು, ಹುಳ ಹೊಕ್ಕದ್ದು, ಮನೆಯ ಗೋಡೆಗೆ ಬೇರು ಹಾಕಿದ್ದು, ಹೀಗೆ ಅಪ್ಪನಿಗೆ ಕರೆ ಬರುತ್ತಿತ್ತು.

ನಾನು ಬುತ್ತಿ ಒಯ್ಯುತ್ತಿದ್ದೆ. ರೊಟ್ಟಿ, ಹಿಂಡಿ ಎಂದು ನಾವು ಕರೆಯುವ ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ಬುತ್ತಿ ಕೊಟ್ಟು ತಕ್ಷಣ ಮನೆಗೆ ಬಾ ಎಂದು ಅವ್ವ ಹೇಳಿ ಕಳಿಸುತ್ತಿದ್ದಳು. ನಾನು ಒಮ್ಮೆಯೂ ಹಾಗೆ ಬಂದವಳಲ್ಲ. ಅಪ್ಪ ಕೊಡಲಿ ಹಾಕುವ ಮೊದಲು ಅದನ್ನು ತಿರುಗಿಸಿ, ಬೆನ್ನಿನಿಂದ ಗಿಡದ ಬೊಡ್ಡೆಗೆ ಮೆಲ್ಲಗೆ ಬಡಿಯುತ್ತಿದ್ದ. ಒಳಗೆ ಪೊಳ್ಳಿದ್ದರೆ ಸಪ್ಪಳ ಬೇರೆ. ಮೇಲೆ ಹಕ್ಕಿ ಇದ್ದರೆ ಅವಕ್ಕೂ ಸುದ್ದಿ ಮುಟ್ಟುತ್ತಿತ್ತು. ಆಮೇಲೆ ಕೆಲಸ. ಕೊಡಲಿ ಬಿದ್ದಲ್ಲೆಲ್ಲ ಹಾರುತ್ತಿದ್ದ ಚಪ್ಪಟೆ ಚಕ್ಕೆಗಳನ್ನು ನಾನು ಆರಿಸಿಕೊಂಡು ಪುಸ್ತಕದ ಪುಟಗಳ ನಡುವೆ ಇಡುತ್ತಿದ್ದೆ. ಓದಿದ್ದು ಎಲ್ಲಿಗೆ ಬಂತು ಎಂಬ ಗುರುತಿಗೆ. ನನ್ನ ಪುಸ್ತಕಗಳೆಲ್ಲ ಬಸುರಿಯರಂತೆ ಉಬ್ಬಿಕೊಂಡಿರುತ್ತಿದ್ದವು.

ಗಿಡ ಬೀಳುವ ಹೊತ್ತಾದಾಗ ಅಪ್ಪ ಕೊಡಲಿ ನಿಲ್ಲಿಸಿ ಕೈ ಎತ್ತುತ್ತಿದ್ದ.

"ಸುಮ್ಮ ಕುಂಡ್ರಿ. ಗಿಡಾ ಮಾತಾಡತೈತಿ."

ಎಲ್ಲರೂ ಉಸಿರು ಹಿಡಿದು ಕೂಡುತ್ತಿದ್ದೆವು. ಮೊದಲು ಬೆರಳಿನ ನೆಟಿಗೆ ಮುರಿದಷ್ಟು ಸಣ್ಣ ಸಪ್ಪಳ. ಅಪ್ಪ ತಲೆಯಾಡಿಸಿ ಮತ್ತೆ ಎರಡು ಏಟು ಹಾಕುವನು. ಆಮೇಲೆ ಜೋಳದ ಒಣ ಕಣಿಕೆಯನ್ನು ಮೊಣಕಾಲ ಮೇಲೆ ಮುರಿದಂಥ ಸಪ್ಪಳ. ಅದು ಬಂತೋ, ಅಪ್ಪ ಕೊಡಲಿ ಬಿಟ್ಟು ಓಡುತ್ತಿದ್ದ. ಕೊಡಲಿ ಹೋದರೂ ಹೋಗಲಿ, ಅದರ ಕಡೆ ತಿರುಗಿ ನೋಡಬಾರದು. ಅಣ್ಣ ಸಿದ್ದಪ್ಪನಿಗೆ ಅಪ್ಪ ಕಲಿಸಿದ ವಿದ್ಯೆಯೆಂದರೆ ಇಷ್ಟೇ: "ಕಡಿಯೂದು ಯಾರಿಗೂ ಬರತೈತಿ ಲೇ. ಕೇಳೂದು ಬರಬೇಕು. ಕೇಳಾಕ ಬರದಂವ ಗಿಡದ ಬುಡಕ ಸಾಯ್ತಾನ."

ಅಪ್ಪ ಗಿಡದ ಬುಡಕ್ಕೆ ಸಾಯಲಿಲ್ಲ. ಹಾಸಿಗೆಯ ಮೇಲೆ ಕೆಮ್ಮುತ್ತ ಸತ್ತ. ಅಣ್ಣ ಸಾಲಿ ಬಿಟ್ಟ, ಕೊಡಲಿ ಹಿಡಿದ. ನಾನು ಸಾಲಿ ಬಿಡಲಿಲ್ಲ. ಬಿಡುತ್ತೇನೆ ಎಂದು ಅಂದಿದ್ದೆನೋ ಇಲ್ಲವೋ ನೆನಪಿಲ್ಲ; ಅಂದಿದ್ದರೂ ಅಣ್ಣ ಕೇಳುತ್ತಿರಲಿಲ್ಲ.

ನಾನು ವಿಜಯಪುರಕ್ಕೆ ಕಾಲೇಜಿಗೆ ಬಂದ ವರ್ಷವೇ ಅವನು ಮಷಿನ್ ತಂದ. ಅದು ಬಂದದ್ದು ನೀರು ಬಂದದ್ದರಿಂದ. ನಮ್ಮ ಟಿಕೋಟಾ, ಬಬಲೇಶ್ವರದ ಹೊಲಗಳಿಗೆ ಕಾಲುವೆಯ ನೀರು ಹರಿದ ಮೇಲೆ ದ್ರಾಕ್ಷಿ ಬಂತು, ಕಬ್ಬು ಬಂತು. ಬದುವಿನ ಮೇಲಿನ ಬೇವು, ಜಾಲಿ, ಹುಣಸೆಗಳ ನೆರಳು ಯಾರಿಗೂ ಬೇಡವಾಯಿತು. ಬರಗಾಲದಲ್ಲಿ ಯಾರೂ ಮುಟ್ಟದೆ ಉಳಿಸಿಕೊಂಡಿದ್ದ ಗಿಡಗಳು ನೀರು ಬಂದ ಮೇಲೆ ಹೋದವು. ಇದನ್ನು ಬರೆಯುವಾಗ ನನಗೆ ಕಸಿವಿಸಿಯಾಗುತ್ತದೆ, ಏಕೆಂದರೆ ಆ ಒಂದೊಂದು ಗಿಡವೂ ಬಿದ್ದದ್ದು ನನ್ನ ಪದವಿಯ ಕಡೆಗೇ. ಪರಿಸರ ದಿನದಂದು ಮಕ್ಕಳ ಕೈಯಲ್ಲಿ ಸಸಿ ಕೊಟ್ಟು ಭಾಷಣ ಮಾಡುವಾಗ ನನ್ನ ದನಿ ಸ್ವಲ್ಪ ಇಳಿಯುತ್ತದೆ. ಉಳಿದ ದಿನ ಇಳಿಯುವುದಿಲ್ಲ. ನಾನು ಪಾಠ ಮಾಡಿದರೆ ಪಕ್ಕದ ಎರಡು ತರಗತಿಗಳಿಗೂ ಕೇಳುತ್ತದೆ ಎಂದು ಹೆಡ್‌ಮಾಸ್ಟರು ದೂರುತ್ತಾರೆ. ಏನು ಮಾಡಲಿ, ನಮ್ಮ ಮನೆಯಲ್ಲಿ ಮಾತಾಡುವುದೆಂದರೆ ಮಷಿನ್ನಿನ ಮೇಲೆ ದನಿ ಹಾಯಿಸುವುದು.

ಮಷಿನ್ ತಂದ ಹೊಸದರಲ್ಲಿ ಅದರ ಸಪ್ಪಳ ಅಷ್ಟೇನೂ ಇರಲಿಲ್ಲ. ಕಂಪನಿಯವರು ಹಾಕಿ ಕೊಟ್ಟ ಸೈಲೆನ್ಸರ್ ಇತ್ತು. ಬಾಯಿ ಸಣ್ಣದು, ಒಳಗೊಂದು ತಂತಿಯ ಜಾಳಿಗೆ. ಅಣ್ಣನಿಗೆ ಅದು ಸೇರಲಿಲ್ಲ. ಯಾರೋ ಹೇಳಿದರಂತೆ, ಜಾಳಿಗೆ ಕಿತ್ತು ಬಾಯಿ ದೊಡ್ಡದು ಮಾಡಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಮಷಿನ್ ಹುರುಪಿನಿಂದ ಕೊಯ್ಯುತ್ತದೆ ಎಂದು. ಅದು ಸುಳ್ಳಲ್ಲ. ಅಣ್ಣ ವೆಲ್ಡಿಂಗ್ ಅಂಗಡಿಗೆ ಹೋಗಿ ತೂತು ಹಿರಿದು ಮಾಡಿಸಿಕೊಂಡು ಬಂದ. ಚಾಲೂ ಮಾಡಿದರೆ ಕುರಿಗಳು ಹಗ್ಗ ಹರಿದುಕೊಂಡು ಓಡಿದವು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬೈದಳು.

"ಏನ್ ಮಾಡೀಯೋ ಅದಕ್ಕ? ಊರ ಎಬ್ಬಿಸ್ತದ!"

"ಎಬ್ಬಿಸಲಿ ಬೇ. ಬಬಲೇಶ್ವರದಾಗ ಚಾಲೂ ಮಾಡಿದ್ರ ಕಾಖಂಡಕಿಯೊಳಗ ಕೇಳಬೇಕು. ಆಗ ಮಂದಿ ಅಂತಾರ, ಸಿದ್ದಪ್ಪ ಈ ಕಡೆ ಬಂದಾನ, ನಮ್ಮದೊಂದು ಗಿಡಾ ಕೊಯ್ಸೂಣು ಅಂತ."

ಹಾಗೆಯೇ ಆಯಿತು. ನಮ್ಮ ಬಯಲಿನಲ್ಲಿ ಸಪ್ಪಳಕ್ಕೆ ಅಡ್ಡ ಬರುವುದು ಏನಿದೆ? ಒಂದು ಹೊಲದಲ್ಲಿ ಕೊಯ್ಯುತ್ತಿದ್ದರೆ ಆಚೆ ಹೊಲದವರು ಆ ದನಿಯ ಜಾಡು ಹಿಡಿದು ಮೋಟರ್‌ಸೈಕಲ್ ಮೇಲೆ ಬರುತ್ತಿದ್ದರು. ಅಣ್ಣನಿಗೆ ಸಪ್ಪಳದ ಸಿದ್ದಪ್ಪ ಎಂದೇ ಹೆಸರು ಬಿತ್ತು. ಬೋರ್ಡು ಬರೆಸಬೇಕಿಲ್ಲ, ಯಾರಿಗೂ ಫೋನ್ ನಂಬರ್ ಕೊಡಬೇಕಿಲ್ಲ. ಕಿವಿಗೆ ಏನಾದರೂ ಹಾಕಿಕೊ ಎಂದರೆ, "ಕಿವಿ ಮುಚ್ಚಿಕೊಂಡ್ರ ಗಿಡದ ಮಾತು ಹೆಂಗ ಕೇಳಲಿ?" ಎಂದು ನಗುತ್ತಿದ್ದ. ಅಪ್ಪನ ವಿದ್ಯೆಯನ್ನು ಕಾಪಾಡಲಿಕ್ಕೆಂದೇ ಅವನು ಕಿವಿ ತೆರೆದಿಟ್ಟ.

ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷ. ಅಂದರೆ ಲೋಕದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರದ ವಯಸ್ಸು. ಒಂದು ಭಾನುವಾರ ಅಣ್ಣನನ್ನು ಕಟ್ಟೆಯ ಮೇಲೆ ಕೂರಿಸಿ, ಇದ್ದಿಲಿನಿಂದ ಗೋಡೆಯ ಮೇಲೆ ಎಂಜಿನ್ನಿನ ಚಿತ್ರ ಬರೆದು ಪಾಠ ಮಾಡಿದೆ. ಹೊಗೆ ಬೇಗ ಹೋದರೆ ಎಂಜಿನ್ನು ಗಾಳಿಯನ್ನು ಹೆಚ್ಚು ಎಳೆಯುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲೂ ಹೆಚ್ಚಬೇಕು. ಹೆಚ್ಚದಿದ್ದರೆ ಕಾವು ಏರುತ್ತದೆ. ಇನ್ನೊಂದು ಕೇಡು ಏನೆಂದರೆ, ಈ ಮಷಿನ್ನಿಗೆ ಎಣ್ಣೆ ಬೇರೆ ಇಲ್ಲ, ಪೆಟ್ರೋಲಿನಲ್ಲೇ ಬೆರೆಸಿ ಹಾಕುವುದು. ಪೆಟ್ರೋಲು ಕಡಿಮೆ ಬಿದ್ದರೆ ಎಣ್ಣೆಯೂ ಕಡಿಮೆ ಬಿತ್ತು ಎಂದೇ ಅರ್ಥ. ಒಣ ಪಿಸ್ಟನ್ನು ಕಾದ ಸಿಲಿಂಡರಿನಲ್ಲಿ ತಿಕ್ಕಿ ತಿಕ್ಕಿ ಕಡೆಗೊಂದು ದಿನ ಹಿಡಿದುಕೊಳ್ಳುತ್ತದೆ. ಬಾಯಿ ದೊಡ್ಡದು ಮಾಡಿದವನು ಕಾರ್ಬುರೇಟರಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಪೆಟ್ರೋಲು ಹೆಚ್ಚು ಬಿಡಬೇಕು.

ಅಣ್ಣ ಎಲ್ಲಕ್ಕೂ ಹೂಂ ಎಂದ. ಮುಗಿದ ಮೇಲೆ ನಮ್ಮ ವೈನಿಯನ್ನು, ಅಂದರೆ ಅವನ ಹೆಂಡತಿಯನ್ನು ಕರೆದು, "ನೋಡ ರೇಣವ್ವಾ, ನಮ್ಮ ತಂಗಿ ಗ್ವಾಡಿ ಮ್ಯಾಲ ಮಷಿನ್ ಬಿಡಿಸ್ಯಾಳ. ಒರಸಬ್ಯಾಡ" ಎಂದ. ಅವನಿಗೆ ಪಾಠಕ್ಕಿಂತ ಚಿತ್ರ ಹೆಚ್ಚು ಹಿಡಿಸಿತ್ತು. ಆದರೂ ನನ್ನ ಮಾತು ಪೂರ್ತಿ ಗಾಳಿಗೆ ಹೋಗಲಿಲ್ಲ. ಸ್ಕ್ರೂ ತಿರುಗಿಸುವುದನ್ನು ಅವನು ಕಲಿತ. ಪೂರಾ ರೇಸ್ ಕೊಟ್ಟಾಗ ಮಷಿನ್ನು ಸ್ವಲ್ಪ ತೊದಲಬೇಕು. ತೊದಲಿದರೆ ಪೆಟ್ರೋಲು, ಎಣ್ಣೆ ಎರಡೂ ಸಾಕಷ್ಟು ಸಿಗುತ್ತಿವೆ ಎಂದು ಲೆಕ್ಕ. ತೊದಲು ಹೋಗಿ ಕೀಚಲು ದನಿ ಬಂದರೆ ಒಳಗೆ ಒಣಗುತ್ತಿದೆ ಎಂದು. ಅದನ್ನು ಹೇಳುವ ಮೀಟರು ಯಾವುದೂ ಇಲ್ಲ. ಕಿವಿಯೇ ಮೀಟರು. ಅಣ್ಣನ ಕಿವಿ ಅಪ್ಪ ತಯಾರು ಮಾಡಿದ ಕಿವಿ. ನಾನು ನಿಶ್ಚಿಂತಳಾದೆ.

ಆಮೇಲೆ ನನ್ನ ಪದವಿ ಮುಗಿಯಿತು. ಬಿ.ಎಡ್. ಆಯಿತು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲ್ವೆ ಲೈನಿನ ಹತ್ತಿರ ಬಾಡಿಗೆ ಮನೆ ಹಿಡಿದು, ಬಾಗಿಲ ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಎರಡೂ ಡಿಗ್ರಿ ಬರೆಸಿದೆ. ಮನೆ ಮಾಲೀಕರ ಹೆಸರು ಎಲ್ಲೂ ಇರಲಿಲ್ಲ. "ಟೀಚರ್, ಮನಿ ನಿಮ್ಮದೋ ನಮ್ಮದೋ?" ಎಂದು ಅವರು ಕೇಳಿದರು. ಅಣ್ಣ ಬಂದಾಗ ಆ ಅಕ್ಷರಗಳ ಮೇಲೆ ಬೆರಳು ಆಡಿಸಿ ನೋಡಿದ. ಬಣ್ಣ ಇನ್ನೂ ಹಸಿ ಇತ್ತು, ಬೆರಳಿಗೆ ಹತ್ತಿತು. ಅವನು ಒರೆಸಿಕೊಳ್ಳಲಿಲ್ಲ.

ಅವನು ಬದಲಾಗುತ್ತಿದ್ದುದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಫೋನ್ ಬಂದರೆ ವೈನಿಯ ಕೈಗೆ ಕೊಟ್ಟು "ನೀ ಮಾತಾಡ" ಎನ್ನುತ್ತಿದ್ದ. ಸಂಸಾರಸ್ಥ ಗಂಡಸಿನ ಸೋಮಾರಿತನ ಎಂದುಕೊಂಡೆವು. ದಾರಿಯಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. "ತಂಗಿ ಟೀಚರ್ ಆದ್ಳು, ಸಿದ್ದ್ಯಾಗ ಸೊಕ್ಕ ಬಂತು" ಎಂದು ಊರಲ್ಲಿ ಆಡಿಕೊಂಡರು. ಸೊಕ್ಕು ಎಂಬ ಮಾತನ್ನು ಅವನು ಹೇಗೋ ತಿಳಿದುಕೊಂಡ, ತಿಳಿದು ಸುಮ್ಮನಿದ್ದ. ಸೊಕ್ಕಿನವನು ಎನ್ನಿಸಿಕೊಂಡರೂ ಗಿಡ ಕಡಿಯಲು ಕರೆಯುತ್ತಾರೆ, ಕಿವುಡ ಎನ್ನಿಸಿಕೊಂಡರೆ ಕರೆಯುವುದಿಲ್ಲ. ಇದನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಬಹಳ ತಡವಾಗಿ.

ಸೈಲೆನ್ಸರಿನ ತೂತು ಮಾತ್ರ ಹಿರಿದಾಗುತ್ತಲೇ ಹೋಯಿತು. ಊರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಒಮ್ಮೆ ಕಿರುಬೆರಳಿನಷ್ಟಿದ್ದದ್ದು ಮತ್ತೊಮ್ಮೆ ನಡುಬೆರಳಿನಷ್ಟಾಗಿತ್ತು. "ಸಾಕಲ್ಲೋ ಯಣ್ಣಾ" ಎಂದರೆ, "ಮಷಿನ್‌ದಾಗ ಮೊದಲಿನ ಜೀವಾ ಇಲ್ಲ. ಸಪ್ಪಳನ ಸತ್ತೈತಿ" ಎನ್ನುತ್ತಿದ್ದ. ನಮಗೆಲ್ಲ ತಲೆ ಸಿಡಿಯುವಷ್ಟು ಸಪ್ಪಳ. ಅವನಿಗೆ ಸತ್ತಿತ್ತು. ಇಷ್ಟು ಓದಿದ ನನಗೂ ಆಗ ಆ ಮಾತಿನ ಅರ್ಥ ಹೊಳೆಯಲಿಲ್ಲ.

ಬೇಸಿಗೆ ರಜೆಯಲ್ಲಿ ಟಿಕೋಟಾದ ಒಬ್ಬ ಗೌಡರ ದ್ರಾಕ್ಷಿ ತೋಟದ ಬದುವಿನಲ್ಲಿ ದೊಡ್ಡದೊಂದು ಬೇವು ತೆಗೆಯುವುದಿತ್ತು. ವೈನಿ ಬುತ್ತಿ ಒಯ್ಯುವಾಗ ನಾನೂ ಹೋದೆ. ಟೀಚರಾದ ಮೇಲೂ ಹೊಲಕ್ಕೆ ಬುತ್ತಿ ಒಯ್ಯುತ್ತಾಳೆ ಎಂದು ನಾಲ್ಕು ಮಂದಿ ನೋಡಲಿ ಎಂಬ ಹಮ್ಮೂ ಸ್ವಲ್ಪ ಇತ್ತೆನ್ನಿ. ನಾವು ತೋಟದ ಬಾಯಿಗೆ ಬಂದಾಗ ಕೊಯ್ತ ಅರ್ಧ ದಾಟಿತ್ತು. ಗೌಡರು, ಅವರ ಆಳುಗಳು ದೂರದಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದರು. ಮಷಿನ್ನಿನ ದನಿ ಏರುತ್ತ ಏರುತ್ತ ಸೂಜಿಯಷ್ಟು ಚೂಪಾಯಿತು. ತೊದಲು ಎಂಬುದೇ ಇರಲಿಲ್ಲ. ನಾನು ಕೂಗಿ ಹೇಳಬೇಕು ಎನ್ನುವಷ್ಟರಲ್ಲಿ ಗಕ್ ಎಂದು ಮಷಿನ್ ನಿಂತಿತು.

ಇಡೀ ತೋಟಕ್ಕೆ ಮೌನ ಬಂತು. ಆ ಮೌನದಲ್ಲಿ ಗಿಡ ಮಾತಾಡಿತು.

ನೆಟಿಗೆಯ ಸಪ್ಪಳವಲ್ಲ. ಕಣಿಕೆ ಮುರಿದ ಸಪ್ಪಳ. ಗೌಡರಿಗೆ ಕೇಳಿತು, ಆಳುಗಳಿಗೆ ಕೇಳಿತು, ನನಗೆ ಕೇಳಿತು. ಅಣ್ಣ ಮಾತ್ರ ಗಿಡದ ಬುಡದಲ್ಲೇ ಬಾಗಿ, ಪಿಸ್ಟನ್ ಹಿಡಿದು ನಿಂತುಹೋದ ಮಷಿನ್ನನ್ನು ಚಾಲೂ ಮಾಡಲು ಅದರ ಹುರಿ ಜಗ್ಗುತ್ತಿದ್ದ. "ಓಡ್ರೀ! ಓಡ್ರೀ!" ಎಂದು ವೈನಿ ಚೀರಿದಳು. ನಾವೆಲ್ಲ ಚೀರಿದೆವು. ಅವನು ಮತ್ತೊಮ್ಮೆ ಹುರಿ ಜಗ್ಗಿದ. ಆಗ ವೈನಿ ಕೈಯಲ್ಲಿದ್ದ ಬುತ್ತಿಯ ಗಂಟನ್ನೇ ಬೀಸಿ ಒಗೆದಳು. ಅದು ಅವನ ಬೆನ್ನಿಗೆ ಬಡಿಯಿತು. ಅವನು ಸಿಟ್ಟಿನಿಂದ ತಿರುಗಿದ, ಅವಳ ಮುಖ ನೋಡಿದ. ಮುಖ ನೋಡಿದವನೇ ಓಡಿದ. ಬೇವು ಅವನು ಬಾಗಿದ್ದ ಜಾಗದ ಮೇಲೆ ಬುಡ ಜಾರಿಸಿ ಬಿತ್ತು.

ಧೂಳು ಇಳಿದ ಮೇಲೆ ಅವನು ಅಂದ ಮೊದಲ ಮಾತು: "ಹಿಂಡಿ ಎಲ್ಲಾ ಮಣ್ಣಾಗ ಹೋತಲ್ಲ ಬೇ."

ಯಾರೂ ನಗಲಿಲ್ಲ. ಗೌಡರು ಅವನ ಹಿಂದೆ ಬಂದು ನಿಂತು ಮೆಲ್ಲಗೆ ಕೇಳಿದರು. "ಸಿದ್ದಪ್ಪಾ, ನಿನಗ ಕೇಳಂಗಿಲ್ಲೇನು?" ಅಣ್ಣ ಅಂಗಿಯ ಧೂಳು ಕೊಡವುತ್ತಿದ್ದ. ಗೌಡರು ಇನ್ನೊಮ್ಮೆ ಕೇಳಿದರು. ಅವನು ಕೊಡವುತ್ತಲೇ ಇದ್ದ. ಗೌಡರು ನನ್ನ ಕಡೆ ನೋಡಿ, ಮೂರನೆಯ ಸಲ ಕೇಳದೆ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೋದರು.

ನಾನು ಹೇಳಿದ್ದು ಎಂಜಿನ್ನಿನ ವಿಷಯ, ಅಲ್ಲಿಗೇ ಬರುತ್ತೇನೆ. ಇಬ್ರಾಹಿಂಪುರದಲ್ಲಿ ನನ್ನ ಮನೆಯ ಹತ್ತಿರವೇ ಪಂಪು, ಮಷಿನ್ನು ರಿಪೇರಿ ಮಾಡುವ ಬಸಣ್ಣ ಎಂಬುವರಿದ್ದಾರೆ. ಬೇವಿನ ಬುಡದಿಂದ ತೆಗೆದು ತಂದ ಮಷಿನ್ನನ್ನು ಅವರು ಬಿಚ್ಚಿ ಪಿಸ್ಟನ್ ನನ್ನ ಕೈಗಿಟ್ಟರು. ಸೈಲೆನ್ಸರ್ ಕಡೆಯ ಮೈಯೆಲ್ಲ ಉಗುರಿನಿಂದ ಕೆರೆದಂತೆ ಉದ್ದಕ್ಕೂ ಗೀರು. ಇನ್ನೊಂದು ಕಡೆ ನುಣ್ಣಗೆ ಹೊಳೆಯುತ್ತಿತ್ತು.

"ಆಯಿಲ್ ಕಡಿಮಿ ಹಾಕ್ಯಾನ್ರಿ ನಿಮ್ಮಣ್ಣ" ಎಂದರು ಬಸಣ್ಣ.

"ಆಯಿಲ್ ಬರೋಬ್ಬರಿ ಹಾಕೀನಿ" ಎಂದ ಅಣ್ಣ, ಅವರ ತುಟಿ ನೋಡಿ.

ಇಬ್ಬರೂ ವಾದ ಮಾಡುತ್ತಿದ್ದರು. ನಾನು ಪಿಸ್ಟನ್ ಹಿಡಿದು ನಿಂತೇ ಇದ್ದೆ. ಎಣ್ಣೆ ಸರಿಯಾಗಿಯೇ ಬೆರೆಸಿದ್ದ. ಒಳಗೆ ಬೀಳುತ್ತಿದ್ದ ಪೆಟ್ರೋಲೇ ಕಡಿಮೆ. ಮನುಷ್ಯನ ಕಿವಿಯಿಂದ ಮೊದಲು ಹೋಗುವುದು ಕೀಚಲು ದನಿ. ಅಣ್ಣನಿಗೆ ಆ ಕೀಚಲು ಕೇಳುವುದು ನಿಂತಿತು. ಮಷಿನ್ನಿನ ಹುರುಪೇ ಹೋಯಿತೆಂದು ಅವನು ತಿಳಿದ. ಹುರುಪು ಕೇಳುವ ತನಕ ಸ್ಕ್ರೂ ಬಿಗಿ ಮಾಡುತ್ತ ಹೋದ, ಸೈಲೆನ್ಸರಿನ ಬಾಯಿ ಹಿರಿದು ಮಾಡುತ್ತ ಹೋದ. ಬಾಯಿ ಹಿರಿದಾದಷ್ಟು ಕಿವಿ ಹೋಯಿತು, ಕಿವಿ ಹೋದಷ್ಟು ಬಾಯಿ ಹಿರಿದಾಯಿತು. ಮಷಿನ್ನು ಅವನನ್ನು ತಿಂದಿತೋ ಅವನು ಮಷಿನ್ನನ್ನು ತಿಂದನೋ, ಇಬ್ಬರೂ ಒಟ್ಟಿಗೇ ಸವೆದರು. ನನ್ನ ಇದ್ದಿಲಿನ ಚಿತ್ರದಲ್ಲಿ ಗಾಳಿ ಇತ್ತು, ಪೆಟ್ರೋಲಿತ್ತು, ಪಿಸ್ಟನ್ನಿತ್ತು. ಕೇಳುವವನು ಇರಲಿಲ್ಲ.

ಕಿವಿಯ ಡಾಕ್ಟರು ಒಂದು ಗಾಜಿನ ಕೋಣೆಯಲ್ಲಿ ಅವನನ್ನು ಕೂರಿಸಿ, ಸಪ್ಪಳ ಕೇಳಿದಾಗ ಕೈ ಎತ್ತಲು ಹೇಳಿದರು. ನಾನು ಗಾಜಿನ ಈಚೆ ನಿಂತಿದ್ದೆ. ಅವನು ಬಹಳ ಹೊತ್ತು ಶಾಲೆಯ ಹುಡುಗನಂತೆ ಕೈ ಕಟ್ಟಿ ಕೂತೇ ಇದ್ದ. ನರ ಹೋಗಿದೆ, ತಿರುಗಿ ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮಷಿನ್ ಬರೆದುಕೊಟ್ಟರು. ಅಣ್ಣ ಹೊರಗೆ ಬಂದು ನಕ್ಕ. "ಒಂದ ಮಷಿನ್ ಕಿವಿ ತಿಂತು. ಈಗ ಇನ್ನೊಂದ ಮಷಿನ್ ಕಿವ್ಯಾಗ ಇಟ್ಕೋ ಅಂತಾರ." ಅದನ್ನು ಅವನು ಮದುವೆ ಮುಂಜಿಗೆ ಹಾಕಿಕೊಳ್ಳುತ್ತಾನೆ. ಕೆಲಸಕ್ಕೆ ಅದು ಬಾರದು, ಗಿಡದ ಸಪ್ಪಳಕ್ಕಿಂತ ಮೊದಲು ಗರಗಸದ ಸಪ್ಪಳವನ್ನೇ ತಲೆಯೊಳಗೆ ತಂದು ಸುರಿಯುತ್ತದೆ.

ಕೆಲಸ ಬಿಡು ಎಂದೆ. ನಾನು ದುಡಿಯುತ್ತಿಲ್ಲವೇ ಎಂದೂ ಅಂದೆ. ಅವನಿಗೆ ಕೇಳಲಿ ಎಂದು ಎದುರು ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅವನು ನನ್ನ ತುಟಿ ಪೂರ್ತಿ ನಿಲ್ಲುವ ತನಕ ಕಾದ.

"ಬ್ಯಾರೆ ಕೆಲಸದಾಗ ಮಂದಿ ಮಾತು ಕೇಳಬೇಕು ತಂಗಿ. ಎಷ್ಟ ಮಂದಿ, ಎಷ್ಟ ಮಾತು. ಈ ಕೆಲಸದಾಗ ಗಿಡದ ಒಂದ ಮಾತು ಕೇಳಿದ್ರ ಸಾಕು. ಆ ಒಂದ ಮಾತು ನಿಮ್ಮ ವೈನಿ ಕೇಳತಾಳ."

ಹೀಗೆ ಶುರುವಾಯಿತು ಹಗ್ಗದ ಪದ್ಧತಿ. ಇದು ವೈನಿಯದೇ ವಿಚಾರ. ಅಣ್ಣನ ಸೊಂಟಕ್ಕೆ ಎತ್ತಿನ ಹಗ್ಗದಂಥ ಉದ್ದನೆಯ ಹಗ್ಗ. ಗಿಡ ಬೀಳುವ ದಿಕ್ಕು ಬಿಟ್ಟು ಅದರ ಹಿಂಬದಿಗೆ, ಗಿಡದ ಎತ್ತರಕ್ಕಿಂತ ದೂರದಲ್ಲಿ ವೈನಿ ಅದರ ತುದಿ ಹಿಡಿದು ನಿಲ್ಲುತ್ತಾಳೆ. ಗಿಡ ಮಾತಾಡಿದರೆ ಜಗ್ಗುತ್ತಾಳೆ. ಜಗ್ಗಿದರೆ ಅವನು ಓಡಿ ಬರುತ್ತಾನೆ. ಮೊದಮೊದಲು ಮಂದಿ, "ರೇಣವ್ವಾ, ಎತ್ತ ಚಲೋ ಐತಿ, ಮಾರತೀಯೇನ?" ಎಂದು ಹಾಸ್ಯ ಮಾಡಿದರು. "ಮಾರತಿದ್ನಿರಿ, ಹಲ್ಲ ನೋಡಿ ಯಾರೂ ಕೊಳ್ಳವಲ್ರು" ಎನ್ನುತ್ತಿದ್ದಳು ವೈನಿ. ಅವಳು ನಗಿಸುತ್ತಿದ್ದಳು. ಕಣ್ಣು ಗಿಡದ ಮೇಲೆಯೇ ಇರುತ್ತಿತ್ತು.

ಅವಳು ಹಾಕಿದ ಷರತ್ತು ಒಂದೇ. "ಸೈಲೆನ್ಸರ್ ಮದಲಿನಂಥಾದ್ದು ಹಾಕ್ರಿ. ಆ ಸಪ್ಪಳದಾಗ ನನಗರ ಏನ್ ಕೇಳತೈತಿ?" ಎಂಜಿನ್ನಿನ ಸಲುವಾಗಿ ನಾನು ಎಷ್ಟೋ ವರ್ಷ ಹೇಳಿದ್ದನ್ನು, ಊರಿನ ಸಲುವಾಗಿ ಅವ್ವ ಬೈದು ಹೇಳಿದ್ದನ್ನು ಅವನು ಮಾಡಿರಲಿಲ್ಲ. ಹೆಂಡತಿಯ ಕಿವಿಯ ಸಲುವಾಗಿ ಮಾಡಿದ. ಬಸಣ್ಣನವರು ಹೊಸ ಪಿಸ್ಟನ್, ಹೊಸ ಸಿಲಿಂಡರ್, ಸಣ್ಣ ಬಾಯಿಯ ಹೊಸ ಸೈಲೆನ್ಸರ್ ಹಾಕಿ, ಸ್ಕ್ರೂ ತಾವೇ ಕೂರಿಸಿ, ಅಣ್ಣ ಮುಟ್ಟದಂತೆ ಅದರ ಮೇಲೆ ಬಣ್ಣದ ಒಂದು ಬೊಟ್ಟು ಇಟ್ಟರು. ಕಿತ್ತು ಹಾಕಿದ ಹಳೆ ಸೈಲೆನ್ಸರನ್ನು ನಾನು ಮನೆಗೆ ತಂದೆ. ಮಷಿನ್ನು ಈಗ ಚೆನ್ನಾಗಿ ತೊದಲುತ್ತದೆ. ಪಕ್ಕದ ಹೊಲದವರಿಗೂ ಅದರ ಸಪ್ಪಳ ಸರಿಯಾಗಿ ಮುಟ್ಟುವುದಿಲ್ಲ. ಸಪ್ಪಳದ ಸಿದ್ದಪ್ಪ ಬಂದಿದ್ದಾನೆಂದು ಯಾರೂ ಜಾಡು ಹಿಡಿದು ಬರುವುದಿಲ್ಲ. ಕೆಲಸ ಅರ್ಧಕ್ಕೆ ಇಳಿದಿದೆ. ಗೊತ್ತಿದ್ದವರು ಮಾತ್ರ ಕರೆಯುತ್ತಾರೆ. ಅವರಲ್ಲೂ ಕೆಲವರು ಹಗ್ಗ ನೋಡಿ ಬೇಡವೆನ್ನುತ್ತಾರೆ.

ಕಳೆದ ತಿಂಗಳು ವೈನಿ ತವರಿಗೆ, ಕನಮಡಿಗೆ ಹೋಗಿದ್ದಳು. ಅವಳ ತಾಯಿಗೆ ಮೈಯಲ್ಲಿ ಹುಷಾರಿರಲಿಲ್ಲ. ಅದೇ ಹೊತ್ತಿಗೆ ಬಬಲೇಶ್ವರದಲ್ಲೊಂದು ಹುಣಸೆ ಗಿಡ ಒಬ್ಬರ ಮನೆಯ ಮೇಲೆ ವಾಲಿತ್ತು. ಅವರು ಕಾಯುವ ಹಾಗಿರಲಿಲ್ಲ. ಭಾನುವಾರ ಅಣ್ಣ ಫೋನ್ ಮಾಡಿಸಿದ. ಪಕ್ಕದ ಮನೆಯವರು ಹೇಳಿದರು, "ಟೀಚರ್, ನಿಮ್ಮಣ್ಣ ಕೇಳಾಕತ್ತಾನ, ಹಗ್ಗಾ ಹಿಡೀತೀರೇನ್ರಿ ಅಂತ."

ಹೋದೆ. ನೀರು ಕುಡಿದೆ, ಸೆರಗು ಸಿಕ್ಕಿಸಿದೆ, ಹಗ್ಗ ಹಿಡಿದೆ. ಹಗ್ಗ ನಾನು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಅಣ್ಣ ಸ್ವಲ್ಪ ಕೊಯ್ದು ಮಷಿನ್ನಿನ ವೇಗ ಇಳಿಸುತ್ತಿದ್ದ. ಇಳಿಸಿ ನನ್ನ ಕಡೆ ತಿರುಗುತ್ತಿದ್ದ. ನಾನು ಇಲ್ಲವೆಂದು ತಲೆಯಾಡಿಸಿದರೆ ಮತ್ತೆ ಬಾಗುತ್ತಿದ್ದ. ಅಪ್ಪ ಗಿಡವನ್ನೇ ನೋಡುತ್ತ ನಿಲ್ಲುತ್ತಿದ್ದ. ಅಣ್ಣ ಗಿಡದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಇಷ್ಟು ವರ್ಷ ನೂರಾರು ಮಕ್ಕಳ ಎದುರು ನಿಂತಿದ್ದೇನೆ. ಯಾರೂ ನನ್ನ ಮುಖವನ್ನು ಹಾಗೆ ನೋಡಿಲ್ಲ.

ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಯಿತು. ಗಾಳಿ ಬೀಸಿತು. ಹುಣಸೆಯ ಒಣಕಾಯಿಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡಿದವು. ಅದು ಕಾಯಿಯೋ, ಬೊಡ್ಡೆಯೋ? ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದಕ್ಕೆ ತಲೆ ಹೇಗೆ ಆಡಿಸಬೇಕು? ಎರಡೂ ಕೈಯಿಂದ ಜಗ್ಗಿಬಿಟ್ಟೆ.

ಅಣ್ಣ ಮಷಿನ್ ಬಿಟ್ಟು ಓಡಿ ಬಂದ. ಏಕೆ ಎಂದು ಕೇಳಲಿಲ್ಲ, ತಿರುಗಿ ನೋಡಲಿಲ್ಲ. ನನ್ನ ಹತ್ತಿರ ಬಂದು, ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಟ್ಟ. ಹುಣಸೆ ಗಿಡ ಎಲ್ಲಿತ್ತೋ ಅಲ್ಲೇ ನಿಂತಿತ್ತು. ದೂರ ನಿಂತು ನೋಡುತ್ತಿದ್ದ ಮನೆಯವರು ಗೊಳ್ಳೆಂದು ನಕ್ಕರು. "ಟೀಚರ್‌ಗಿ ಅಂಜಿಕಿ ಬಂದೈತಿ!" ಎಂದು ಯಾರೋ ಕೂಗಿದರು.

ನಾನು ಅವನ ಎದುರು ನಿಂತು ತುಟಿ ಬಿಡಿಸಿ ಹೇಳಿದೆ. "ಸುಳ್ಳ ಜಗ್ಗಿದೆ ಯಣ್ಣಾ. ಗಿಡಾ ಮಾತಾಡಿರಲಿಲ್ಲ."

"ಇರಲಿ ಬಿಡ ಬೇ" ಎಂದ ಅವನು, ಹಗ್ಗದ ಗಂಟು ಸರಿಮಾಡಿಕೊಳ್ಳುತ್ತ. "ನೀ ಸುಳ್ಳ ಜಗ್ಗಿದ್ರೂ ಓಡತೀನಿ, ಖರೇ ಜಗ್ಗಿದ್ರೂ ಓಡತೀನಿ. ಜಗ್ಗಲಿಲ್ಲಂದ್ರ ಅಷ್ಟ ಅಲ್ಲೇ ನಿಂತಿರತೀನಿ."

ಹೋಗಿ ಮತ್ತೆ ಗಿಡದ ಬುಡಕ್ಕೆ ಬಾಗಿದ. ನಾನು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.